ಮೂಗು ಕೆಟ್ಟ ಮಿಡಿಗಾಲ

ಫೆಬ್ರವರಿ 11, ಶಿರಸಿ

ನಾಲ್ಕು ಪುಟ್ಟ ಬಾಟಲಿ. ಲಿಂಬೆ, ಲವಂಗ, ಗುಲಾಬಿ, ನೀಲಗಿರಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದೊಂದನ್ನೂ ಮೂಗಿನ ಕೆಳಗೆ ಹಿಡಿದು, ಅದರ ಹಳೆಯ ಪರಿಮಳವನ್ನು ನೆನಪು ಮಾಡಿಕೊಳ್ಳುತ್ತ ಮೂಸಬೇಕಂತೆ. ಏನು ಅನ್ನಿಸಿತೋ ಬರೆದಿಡಬೇಕಂತೆ. ಡಾಕ್ಟರು ಇಷ್ಟು ಹೇಳಿ ಮುಂದಿನವರನ್ನು ಕರೆದರು. ನಾನು ಬಾಗಿಲಲ್ಲಿ ನಿಂತು, ಗುಣವಾಗುತ್ತದೆಯೇ ಎಂದು ಮತ್ತೊಮ್ಮೆ ಕೇಳಿದೆ. "ಆಗಬಹುದು. ತಿಂಗಳುಗಟ್ಟಲೆ ಹಿಡಿಯಬಹುದು. ನಡುವೆ ವಾಸನೆಗಳು ಅಡ್ಡಾದಿಡ್ಡಿ ಬರಬಹುದು, ಹೆದರಬೇಡಿ" ಎಂದರು.

ಸರಿ, ಬರೆಯುತ್ತೇನೆ. ಲಿಂಬೆ: ಏನಿಲ್ಲ. ಲವಂಗ: ಏನಿಲ್ಲ. ಗುಲಾಬಿ: ಏನಿಲ್ಲ. ನೀಲಗಿರಿ: ಸ್ವಲ್ಪ ತಣ್ಣಗೆ, ಅಷ್ಟೆ.

ಕಾರ್ತಿಕದಲ್ಲಿ ಬಂದ ಜ್ವರ ವಾರದಲ್ಲಿ ಬಿಟ್ಟಿತು. ಹೋಗುವಾಗ ಮೂಗನ್ನು ಒಯ್ದಿತು. ಬೇರೆಯವರಿಗಾದರೆ ಇದೊಂದು ಕಿರಿಕಿರಿ. ನನಗೆ ಇದೇ ಅನ್ನ. ಹನ್ನೆರಡು ವರ್ಷದಿಂದ ಅಪ್ಪೆಮಿಡಿಯ, ಎಂದರೆ ಘಮದ ಎಳೆ ಮಾವಿನಕಾಯಿಯ, ಉಪ್ಪಿನಕಾಯಿ ಮಾಡಿ ಮಾರುತ್ತಿದ್ದೇನೆ. ಮಿಡಿ ಆರಿಸುವುದು ಕಣ್ಣಿನಿಂದಲ್ಲ. ತೊಟ್ಟು ಮುರಿದರೆ ಒಂದು ಹನಿ ಸೊನೆ ಬರುತ್ತದೆ, ಅದನ್ನು ಮೂಸಬೇಕು. ಒಂದು ಮರದ್ದು ಜೀರಿಗೆಯ ಹಾಗೆ, ಇನ್ನೊಂದರದು ಕರ್ಪೂರದ ಹಾಗೆ, ಅದರ ಪಕ್ಕದ ಮರದ್ದು ಸೀಮೆಎಣ್ಣೆಯ ಹಾಗೆ. ನೋಡಲು ಮೂರೂ ಒಂದೇ. ಸೀಮೆಎಣ್ಣೆಯದು ಒಂದು ಹಿಡಿ ಸೇರಿಕೊಂಡರೆ ಇಡೀ ಭರಣಿ ಹೋಯಿತು.

ನುಜ್ಹತ್‌ಗೆ ಹೇಳಿಲ್ಲ. ಅವಳು ನನ್ನ ಜೊತೆಗೆ ಬಂದು ಒಂಬತ್ತು ವರ್ಷ. ಉಪ್ಪು ಹಾಕುವುದು, ಸಾಸಿವೆ ಅರೆಯುವುದು, ಭರಣಿ ತುಂಬುವುದು ಎಲ್ಲ ಅವಳದೇ. ಆರಿಸುವುದು ಮಾತ್ರ ನಾನು. ಮೊದಲ ವರ್ಷವೇ ಹೇಳಿಬಿಟ್ಟಿದ್ದೆ, ಮೂಗು ನನ್ನದು, ಕೈ ನಿನ್ನದು ಎಂದು. ಅವಳು ನಕ್ಕು ಒಪ್ಪಿದ್ದಳು.

ಗೊತ್ತಿರುವುದು ನನ್ನ ಗಂಡ, ಇವರೊಬ್ಬರಿಗೆ. "ನುಜ್ಹತ್‌ಗೆ ಹೇಳ್ಬುಡು ಮಾರಾಯ್ತಿ" ಎಂದರು. ಇವರಿಗೇನು, ಹುಬ್ಬಳ್ಳಿ ರಸ್ತೆಯಲ್ಲಿ ಬೈಕಿನ ಬಿಡಿಭಾಗಗಳ ಅಂಗಡಿ. ಮೂಗಿಲ್ಲದಿದ್ದರೂ ನಡೆಯುತ್ತದೆ. ಮಿಡಿ ಕೊಯ್ಲು ಮುಂದಿನ ವಾರವೇ ಶುರು. ಮೂಗು ಕೆಟ್ಟವಳ ಉಪ್ಪಿನಕಾಯಿ ಎಂದು ಊರಲ್ಲಿ ಒಬ್ಬರ ಬಾಯಿಗೆ ಬಿದ್ದರೆ ಸಾಕು.

ಫೆಬ್ರವರಿ 14

ಏನೂ ಇಲ್ಲ.

ಸಾಸಿವೆ ಅರೆಯುವ ಹೊತ್ತಿಗೆ ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಸಂತೋಷವಾಗಿ ಎದ್ದು ನಿಂತೆ. ಆಮೇಲೆ ತಿಳಿಯಿತು, ಬಂದದ್ದು ಉರಿ ಮಾತ್ರ, ವಾಸನೆಯಲ್ಲ. ಮಧ್ಯಾಹ್ನ ಹಾಲು ತಳಹಿಡಿದು ಪಾತ್ರೆ ಕಪ್ಪಾಗಿತ್ತು. ನಾನು ಪಕ್ಕದಲ್ಲೇ ಕೂತು ಪೇಪರ್ ಓದುತ್ತಿದ್ದೆ.

ಫೆಬ್ರವರಿ 20

ಹೆಗ್ಗರಣೆಗೆ ಹೋಗಿಬಂದೆ. ನುಜ್ಹತಳ ಗಂಡ ಚಾಂದ್ ಪಾಷಾನ ಗೂಡ್ಸ್ ರಿಕ್ಷಾದಲ್ಲಿ ಎಂದಿನಂತೆ ಮೂವರೂ.

ವರ್ಷವೂ ನಮಗೆ ಮಿಡಿ ಕೊಡುವ ಸುಭಾಷ್ ಹೆಗಡೆಯವರು ಅಂಗಳದಲ್ಲೇ ಚೀಲಗಳನ್ನು ಸಾಲಾಗಿ ಇಡಿಸಿದ್ದರು. "ಬಾರೇ ದೇವಕ್ಕಾ. ಹಳ್ಳದ ಬದಿ ಮರ ಈ ವರ್ಷ ಕಾಯೇ ಬಿಟ್ಟಿದ್ದಿಲ್ಲೆ. ಬೇರೆ ಮರದ್ದು ಕೊಯ್ಸಿ ಇಟ್ಟಿದ್ದೆ. ನಿನ್ನ ಮೂಗು ಒಪ್ಪಿರೆ ಸೈ, ಆನು ಎಂತ ಹೇಳ್ತ್ನಿಲ್ಲೆ."

ಆ ಹಳ್ಳದ ಬದಿಯ ಮರವನ್ನೇ ನಂಬಿಕೊಂಡು ಹೋಗಿದ್ದೆ. ಪ್ರತಿ ವರ್ಷ ಅದರದ್ದೇ ತರುವುದು. ಮೂಸದೆ ಹೇಳಿದರೂ ತಪ್ಪಾಗುತ್ತಿರಲಿಲ್ಲ. ಈಗ ಏನು ಮಾಡುವುದು? ಒಂದೊಂದು ಚೀಲದಿಂದಲೂ ಮಿಡಿ ತೆಗೆದು ತೊಟ್ಟು ಮುರಿದು ಮೂಗಿಗೆ ಹಿಡಿದೆ, ಕಣ್ಣು ಮುಚ್ಚಿದೆ, ತಲೆಯಾಡಿಸಿದೆ. ನಾಟಕ ಮಾಡುವುದು ಇಷ್ಟು ಸುಲಭ ಎಂದು ಗೊತ್ತಿರಲಿಲ್ಲ. ಎರಡನೆಯ ಚೀಲದ ಮಿಡಿ ಹಳ್ಳದ ಮರದ್ದರ ಹಾಗೆಯೇ ತುದಿಯಲ್ಲಿ ಸ್ವಲ್ಪ ಬಾಗಿತ್ತು. "ಇದು" ಎಂದೆ.

ನುಜ್ಹತ್ ಒಂದು ಮಿಡಿ ಎತ್ತಿಕೊಂಡು ಮೂಸಿದಳು. ನನ್ನ ಮುಖ ನೋಡಿದಳು. ಮಿಡಿಯನ್ನು ಚೀಲಕ್ಕೇ ಹಾಕಿದಳು.

ಫೆಬ್ರವರಿ 25

ರಾತ್ರಿ ನಿದ್ದೆಯಿಲ್ಲ, ಹಗಲು ಕೂತಲ್ಲಿ ಕೂರಲಾಗುವುದಿಲ್ಲ. ಶೆಡ್ಡಿಗೆ ಹೋಗಿ ಉಪ್ಪುನೀರಿನ ಡ್ರಮ್ಮಿನ ಮುಚ್ಚಳ ತೆಗೆಯುತ್ತೇನೆ, ಮುಚ್ಚುತ್ತೇನೆ. ನುಜ್ಹತ್ ಇವತ್ತು ಕೇಳಿದಳು, "ಅಕ್ಕಾ, ಈ ಸಲದ್ದು ಸ್ವಲ್ಪ ಬೇರೆ ಥರ ಇದೆಯಲ್ಲ?" "ಉಪ್ಪು ಎಳೀಲಿ, ಸರಿಯಾಗ್ತದೆ" ಎಂದೆ. ಅವಳು "ಹೂಂ" ಎಂದಳು. ಒಂಬತ್ತು ವರ್ಷದಲ್ಲಿ ಅವಳು ಹೀಗೆ ಬರೀ "ಹೂಂ" ಅಂದದ್ದು ನೆನಪಿಲ್ಲ.

ಮಾರ್ಚ್ 4

ಲಿಂಬೆ ಬಂತು!

ಬೆಳಿಗ್ಗೆ ಬಾಟಲಿ ತೆರೆದೆ. ಎಲ್ಲೋ ದೂರದಲ್ಲಿ ಯಾರೋ ಲಿಂಬೆಹಣ್ಣು ಕೊಯ್ದ ಹಾಗೆ. ಮತ್ತೆ ಮೂಸಿದರೆ ಇಲ್ಲ. ಮೂರನೆಯ ಸಲ ಇತ್ತು. ಇವರನ್ನು ಕೂಗಿ ಕರೆದೆ, ಇವರು ಹಲ್ಲುಜ್ಜುತ್ತಿದ್ದವರು ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿಬಂದರು.

ಆ ಖುಷಿ ಮಧ್ಯಾಹ್ನದವರೆಗೆ. ನುಜ್ಹತ್ ಉಪವಾಸದಲ್ಲಿದ್ದಾಳೆ, ರಂಜಾನ್ ಶುರುವಾಗಿದೆ. ಅವಳು ಕೂತು ಕೆಲಸ ಮಾಡಲಿ ಎಂದು ನಾನೇ ಡ್ರಮ್ ತಿರುವಲು ಹೋದೆ. ಅವಳು ಎದುರಿಗೆ ಬಂದು ಎರಡು ಅಂಗೈ ಚಾಚಿ ನಿಂತಳು. ಒಂದೊಂದರಲ್ಲಿ ಒಂದೊಂದು ಮಿಡಿ.

"ಒಂದು ಈ ಡ್ರಮ್ಮಿಂದು, ಒಂದು ನಾನು ಪೇಟೆಯಿಂದ ತಂದದ್ದು. ಯಾವುದು ಯಾವುದು ಹೇಳಿ ಅಕ್ಕಾ."

ಎರಡನ್ನೂ ಮೂಸಿದೆ. ನನಗೆ ಅವಳ ಅಂಗೈಯೂ ಒಂದೇ, ಮಿಡಿಯೂ ಒಂದೇ.

"ಇಡೀ ಡ್ರಮ್ ಸೀಮೆಎಣ್ಣೆ ಹೊಡೀತಾ ಇದೆ" ಎಂದಳು. "ಹೆಗ್ಗರಣೆಯಲ್ಲೇ ನನಗೆ ಹಂಗೆ ಅನ್ನಿಸ್ತು. ನೀವು ಆರಿಸಿದ್ದು, ನನ್ನ ಮೂಗೇ ಸರಿ ಇಲ್ಲ ಅಂದ್ಕೊಂಡೆ. ಮನೆಗೆ ಹೋಗಿ ಡಬ್ಬಿಡಬ್ಬಿ ಮೂಸಿ ನೋಡ್ದೆ. ಯಾವಾಗಿಂದ ಅಕ್ಕಾ?"

"ಕಾರ್ತಿಕದಿಂದ."

ಅವಳು ಮಿಡಿಗಳನ್ನು ಮೇಜಿನ ಮೇಲಿಟ್ಟು ಕೈ ತೊಳೆದುಕೊಂಡು ಬಂದಳು. ಬೈಯುತ್ತಾಳೆ ಎಂದು ಕಾದೆ. "ಜ್ವರ ಬಂದಾಗ ದಿನಾ ಗಂಜಿ ತಂದುಕೊಟ್ಟವಳು ನಾನು. ಇಷ್ಟು ಹೇಳೋಕೆ ಆಗಲಿಲ್ವಾ?" ಎಂದಳು, ಅಷ್ಟೆ. ಇಬ್ಬರೂ ಸೇರಿ ಡ್ರಮ್ ಖಾಲಿ ಮಾಡಿದೆವು. ಹಿತ್ತಿಲಲ್ಲಿ ಗುಂಡಿ ತೆಗೆದು ಮುಚ್ಚುವಾಗ ಅವಳ ತುಟಿ ಒಣಗಿತ್ತು. ನೀರು ಕುಡಿ ಎಂದು ಹೇಳಹೋಗಿ ಬಾಯಿ ಮುಚ್ಚಿದೆ.

ಮಾರ್ಚ್ 12

ಡಾಕ್ಟರು ಹೇಳಿದ ಅಡ್ಡಾದಿಡ್ಡಿ ಶುರುವಾಗಿದೆ. ಏನೂ ಇಲ್ಲದಿದ್ದದ್ದೇ ಚೆನ್ನಾಗಿತ್ತು.

ಬೆಳಿಗ್ಗೆ ಇವರ ಕಾಫಿ ಕುದಿಯುವಾಗ ಟೈರು ಸುಟ್ಟ ನಾತ. ಒಲೆ ಆರಿಸಿ ಹೊರಗೆ ಓಡಿ ವಾಂತಿ ಮಾಡಿಕೊಂಡೆ. ಈರುಳ್ಳಿ, ಬೆಳ್ಳುಳ್ಳಿ, ತುಪ್ಪ ಕಾಯಿಸಿದ್ದು ಎಲ್ಲ ಕೊಳೆತದ್ದು. ಇವರು ಪಕ್ಕದಲ್ಲಿ ಬಂದು ಮಲಗಿದರೆ ತಲೆಯ ಎಣ್ಣೆಯಿಂದ ಸತ್ತ ಇಲಿಯ ವಾಸನೆ. ಇಪ್ಪತ್ತೊಂದು ವರ್ಷದಿಂದ ಅದೇ ಎಣ್ಣೆ. ತಲೆನೋವು ಎಂದು ಸುಳ್ಳು ಹೇಳಿ ದಿಂಬು ಹಿಡಿದುಕೊಂಡು ಹೊರಗಿನ ಕೋಣೆಗೆ ಬಂದೆ. ಇವರು "ಫ್ಯಾನ್ ಹಾಕ್ಲಾ?" ಎಂದು ಕೇಳಿದರು. ಅವರಿಗೆ ಗೊತ್ತಾಯಿತೋ ಏನೋ. ಗೊತ್ತಾಗದಿರಲಿ.

ಮಾರ್ಚ್ 17

ಇವತ್ತಿನದನ್ನು ಸರಿಯಾಗಿ ಬರೆಯಬೇಕು.

ನುಜ್ಹತ್ ಸಿದ್ದಾಪುರದ ಸಂತೆಯಿಂದ ಮಾದರಿಗೆಂದು ನಾಲ್ಕೈದು ಮರದ ಮಿಡಿ ತರಿಸಿದ್ದಳು. ತೊಟ್ಟು ಮುರಿದು ಒಂದೊಂದಾಗಿ ಮೂಸಿದೆ. ಒಂದರಿಂದ ಸಂಪಿಗೆಯಂಥ ಸಿಹಿ ಪರಿಮಳ. ಎಷ್ಟು ದಿನದ ಮೇಲೆ ಒಂದು ಒಳ್ಳೆಯ ವಾಸನೆ! ಕಣ್ಣೀರು ಬಂತು. "ಇದು, ಇದೇ" ಎಂದೆ. ನುಜ್ಹತ್ ಮೂಸಿ ಮುಖ ಕಿವುಚಿದಳು. "ಅಕ್ಕಾ, ಇದು ಶುದ್ಧ ಸೀಮೆಎಣ್ಣೆ."

ಅವಳು ಒಳ್ಳೆಯದು ಎಂದು ಕೊಟ್ಟ ಮಿಡಿ ನನಗೆ ಕೂದಲು ಸುಟ್ಟ ಹಾಗೆ ನಾರಿತು.

ಸಿಟ್ಟಿನಲ್ಲಿ ಶೆಡ್ಡಿನೊಳಗೆ ಆಚೆ ಈಚೆ ತಿರುಗುತ್ತಿದ್ದೆ. ಕಪಾಟಿನಲ್ಲಿ ಹೋದ ವರ್ಷದ ಭರಣಿ ಒಂದು ಉಳಿದಿತ್ತು, ಹಳ್ಳದ ಬದಿಯ ಮರದ್ದು. ಯಾಕೆ ತೆರೆದೆನೋ ಗೊತ್ತಿಲ್ಲ. ಅದೂ ಕೂದಲು ಸುಟ್ಟ ಹಾಗೆಯೇ ನಾರಿತು! ಅದೇ ನಾತ, ಕೂದಲೆಳೆಯಷ್ಟೂ ಬೇರೆಯಲ್ಲ. ಅದು ಒಳ್ಳೆಯ ಮಿಡಿ ಎಂದು ಇಡೀ ಜಿಲ್ಲೆಗೆ ಗೊತ್ತು. ಹಾಗಾದರೆ ನನ್ನ ಮೂಗಿಗೆ ಈಗ ಒಳ್ಳೆಯದರ ಗುರುತು ಈ ನಾತವೇ. ನಾರುವುದನ್ನು ಹುಡುಕಿದರಾಯಿತು, ಪರಿಮಳ ಬಂದದ್ದನ್ನು ಬಿಟ್ಟರಾಯಿತು.

ನುಜ್ಹತ್‌ಗೆ ಹೇಳಿದೆ. ಅವಳು ತುಸು ಹೊತ್ತು ಯೋಚಿಸಿ, "ನಾನೇ ಮೂಸಿ ಹೇಳಬಹುದಲ್ಲ ಅಕ್ಕಾ" ಎಂದಳು. "ಬೇಡ, ನನಗೇ ಬರ್ತದೆ. ಕಲಿತ್ಕೊಳ್ತೇನೆ" ಎಂದೆ.

ಮಾರ್ಚ್ 22

ಕಲಿಯುವುದು ಅಂದುಕೊಂಡಷ್ಟು ಸುಲಭವಲ್ಲ. ನುಜ್ಹತ್ ಮಿಡಿಗಳನ್ನು ಜಜ್ಜಿ ಲೋಟಗಳಲ್ಲಿ ಹಾಕಿ ಬಟ್ಟೆ ಕಟ್ಟಿ ಇಡುತ್ತಾಳೆ; ನಾನು ಮೂಸಿ ಒಳ್ಳೆಯದನ್ನು ಮುಂದೆ ತಳ್ಳಬೇಕು. ನಾರುವುದೇ ಒಳ್ಳೆಯದು ಎಂದು ಬಾಯಲ್ಲಿ ಹೇಳಿಕೊಳ್ಳುತ್ತಲೇ ಇರುತ್ತೇನೆ, ಕೈ ಮಾತ್ರ ಸಂಪಿಗೆಯ ಲೋಟಕ್ಕೆ ಹೋಗುತ್ತದೆ. ತಿಳಿದೂ ಹೋಗುತ್ತದೆ. ನಾಲ್ಕು ತಿಂಗಳು ಹಸಿದವಳ ಮುಂದೆ ಊಟವಿಟ್ಟು, ಮುಟ್ಟಬೇಡ ಎಂದ ಹಾಗೆ. ಸರಿಯಾದರೆ ನುಜ್ಹತ್ "ಹಾಂ" ಎನ್ನುತ್ತಾಳೆ, ತಪ್ಪಿದರೆ ಸುಮ್ಮನೆ ಲೋಟ ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.

ಮೊದಲ ದಿನ ಬರೀ ತಪ್ಪು. ನಿನ್ನೆ ಅರ್ಧಕ್ಕರ್ಧ. ಇವತ್ತು ಮೂಸುತ್ತಲೇ ಹೊಟ್ಟೆ ತೊಳಸಿತು, ಹೊಟ್ಟೆ ತೊಳಸುತ್ತಲೇ ಕೈ ಮುಂದೆ ಹೋಯಿತು, ಯೋಚನೆಯೇ ಬೇಕಾಗಲಿಲ್ಲ. "ಹಾಂ" ಎಂದಳು. ಮತ್ತೆ "ಹಾಂ". ಮತ್ತೆ.

ಮನೆಗೆ ಬಂದರೆ ಸ್ನಾನದ ಮನೆಯಲ್ಲಿ ಇನ್ನೊಂದು ಹೊಸ ಸೋಪು. ಇವರಿಗೆ ಏನಾಗಿದೆ? ಗಂಧದ್ದು, ಬೇವಿನದ್ದು, ಅದ್ಯಾವುದೋ ಹಸಿರಿನದು, ಎಲ್ಲ ಅರ್ಧರ್ಧ ಬಳಸಿ ಬಿಟ್ಟಿದ್ದಾರೆ. ಲಿಂಬೆಯ ಸೋಪು ಮಾತ್ರ ಸವೆಯುತ್ತಿದೆ. ದುಂದು ಮಾಡಬೇಡಿ ಎಂದು ಗದರಿದೆ. "ಹೂಂ, ಇನ್ನು ಇದೊಂದೇ ಸಾಕು" ಎಂದರು. ತಲೆಗೆ ಎಣ್ಣೆ ಹಚ್ಚುವುದನ್ನೂ ಮರೆತಿದ್ದಾರೆ, ಕೂದಲು ಹುಲ್ಲಿನ ಹಾಗೆ ಎದ್ದು ನಿಂತಿದೆ. ಅಂಗಡಿಯಲ್ಲಿ ಏನೋ ಚಿಂತೆ ಇರಬೇಕು.

ಮಾರ್ಚ್ 24

ಇವರು ಕಾಫಿ ಬಿಟ್ಟಿದ್ದಾರೆ. ಕೇಳಿದರೆ, "ಯಂಗೆ ಸಾಕಾತು. ಹೊಟ್ಟೆ ಉರಿತು" ಎನ್ನುತ್ತಾರೆ. ಒಳ್ಳೆಯದೇ ಆಯಿತು. ಮನೆಯಲ್ಲಿ ಬೆಳಗಿನ ಹೊತ್ತು ಉಸಿರಾಡಬಹುದು.

ಮಾರ್ಚ್ 27

ಗೆದ್ದೆ!

ಸಿದ್ದಾಪುರದ ಕಡೆ ಎರಡು ಮನೆಗೆ ಹೋದೆವು. ರಾಶಿ ರಾಶಿ ಮೂಸಿದೆ. ಹೊಟ್ಟೆ ತೊಳಸಿದ್ದನ್ನೆಲ್ಲ ತೆಗೆದುಕೊಂಡೆ. ನುಜ್ಹತ್ ನನ್ನ ಹಿಂದೆಯೇ ಬಂದು ಒಂದೊಂದನ್ನೂ ಮೂಸಿ ಹೂಂಗುಟ್ಟಿದಳು. ಎಲ್ಲಿಯೂ ತಪ್ಪಿಲ್ಲ. ಬರುವಾಗ ಗಾಡಿಯಲ್ಲಿ, "ಇನ್ನು ನೀನು ಹಿಂದೆ ಬರುವುದು ಬೇಡ, ಉಪವಾಸದಲ್ಲಿ ಸುಮ್ಮನೆ ಬಿಸಿಲು" ಎಂದೆ. ಅವಳು ಗಾಡಿಯ ಹೊರಗೆ ನೋಡುತ್ತ, "ಈಗೀಗ ನನಗೂ ಗೊತ್ತಾಗ್ತದೆ ಅಕ್ಕಾ, ಚೆನ್ನಾಗಿ" ಎಂದಳು. ನಾನು ಮಿಡಿಯ ಚೀಲ ಬೀಳದ ಹಾಗೆ ಹಿಡಿದುಕೊಂಡಿದ್ದೆ.

ಮಾರ್ಚ್ 31

ಈದ್. ಪ್ರತಿ ವರ್ಷ ಮಧ್ಯಾಹ್ನ ನುಜ್ಹತಳ ಮನೆಗೆ ಹೋಗಿ ಶಾವಿಗೆ ಪಾಯಸ ತಿಂದು ಬರುವುದು ರೂಢಿ. ಈ ಸಲ ಹೋಗಲಿಲ್ಲ. ಹಾಲು, ತುಪ್ಪ, ಏಲಕ್ಕಿ ಎಲ್ಲ ಸೇರಿ ಹೇಗೆ ನಾರಬಹುದು ಎಂದು ನೆನೆದೇ ಸಾಕಾಯಿತು. ಹೊಟ್ಟೆ ಸರಿಯಿಲ್ಲ ಎಂದು ಫೋನ್ ಮಾಡಿದೆ. "ಬರೀ ಬಂದು ಕೂತು ಹೋಗಬಹುದಿತ್ತು" ಎಂದಳು. ಇವರು ಮಾತ್ರ ಹೋಗಿ ಬಂದರು, ಬಹಳ ಹೊತ್ತು ಕೂತಿದ್ದರು.

ಇಡೀ ದಿನ ಕಿಟಕಿ ತೆಗೆದು ಹಾಕಿ ಮಾಡಿದೆ. ಸಂಜೆ ಬಾಟಲಿ ಮೂಸುವುದನ್ನು ಮರೆತೆ. ಈಗೀಗ ಬಿಟ್ಟೇಬಿಟ್ಟಿದ್ದೇನೆ. ನಾತದ ಗುರುತು ಗೊತ್ತಾದ ಮೇಲೆ ಅದೇಕೆ ಬೇಕು?

ಏಪ್ರಿಲ್ 9

ಬರೆಯಲು ಮನಸ್ಸಿಲ್ಲ. ಬರೆಯದೆಯೂ ಇರಲಾರೆ.

ಕೊನೆಯ ಕೊಯ್ಲಿಗೆಂದು ಯಲ್ಲಾಪುರ ದಾಟಿ ಅರಬೈಲಿಗೆ ಹೋಗಿದ್ದೆವು. ಘಟ್ಟದಲ್ಲಿ ಮಿಡಿ ತಡವಾಗಿ ಬರುತ್ತದೆ. ಮಮತಾ ಎಂಬವರ ಮನೆ, ನಮಗೆ ಹೊಸಬರು. ಚಾವಡಿಯಲ್ಲಿ ಎಡಕ್ಕೊಂದು ರಾಶಿ, ಬಲಕ್ಕೊಂದು ರಾಶಿ. ಎಡದ್ದು ಮೂಸಿದೆ, ನಾತವೇನಿಲ್ಲ, ಎಂಥದೋ ಹಸಿ ಹಸಿ, ಸಪ್ಪೆ. ಬಲದ್ದು ಗಪ್ಪೆಂದು ನಾರಿತು. "ಬಲಗಡೆಯದ್ದು" ಎಂದೆ.

ನುಜ್ಹತ್ ಎರಡನ್ನೂ ಮೂಸಿದಳು. ಹತ್ತಿರ ಬಂದು ಸಣ್ಣ ದನಿಯಲ್ಲಿ, "ಅಕ್ಕಾ, ಎಡದ್ದು ತಗೊಳ್ಳೋಣ" ಎಂದಳು.

"ಎಡದ್ದರಲ್ಲಿ ಏನೂ ಇಲ್ಲ. ಇದು ನಾರ್ತದೆ."

"ಅದು ನಿಜವಾಗಿ ನಾರ್ತಾ ಇದೆ ಅಕ್ಕಾ! ನನಗೂ ನಾರ್ತಾ ಇದೆ."

ಮಮತಾ ನಮ್ಮಿಬ್ಬರ ಮುಖವನ್ನೂ ನೋಡುತ್ತಿದ್ದರು. ಎಲ್ಲರೆದುರಿಗೆ ಗಟ್ಟಿಯಾಗಿ ಹೇಳಿದೆ: "ಹನ್ನೆರಡು ವರ್ಷದಿಂದ ಆರಿಸಿದ್ದು ನಾನು. ನಿನ್ನೆ ಮೊನ್ನೆ ಮೂಸೋದು ಕಲಿತು ನನಗೆ ಹೇಳಿಕೊಡಬೇಡ."

ಅವಳು ಗಾಡಿಗೆ ಹೋಗಿ ಕೂತಳು. ಬಲಗಡೆಯ ರಾಶಿಯನ್ನು ನಾನೇ ಚೀಲಕ್ಕೆ ತುಂಬಿಸಿದೆ. ದಾರಿಯಲ್ಲಿ ಚಾಂದ್ ಪಾಷಾ ಒಮ್ಮೆ ಹಾಡು ಹಾಕಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡ. ಇಳಿಯುವಾಗ ನುಜ್ಹತ್ ಶೆಡ್ಡಿನ ಬೀಗದ ಕೈಯನ್ನು ಸೀಟಿನ ಮೇಲಿಟ್ಟು ಹೋದಳು.

ಏಪ್ರಿಲ್ 10

ಬರಲಿಲ್ಲ.

ಏಪ್ರಿಲ್ 11

ಇವತ್ತೂ ಬರಲಿಲ್ಲ. ಒಬ್ಬಳೇ ಮಿಡಿ ತೊಳೆದು ಉಪ್ಪು ಹಾಕಬೇಕು. ಅವಳು ಎಷ್ಟು ಹಾಕುತ್ತಿದ್ದಳು ಎಂದೇ ನನಗೆ ಗೊತ್ತಿಲ್ಲ. ಅವಳು ಅಳೆಯುತ್ತಿರಲಿಲ್ಲ, ನಾನು ನೋಡುತ್ತಿರಲಿಲ್ಲ.

ಕೈ ಕಟ್ಟಿ ಕೂತವಳು ಎದ್ದು ಹೋದ ವರ್ಷದ ಭರಣಿಯನ್ನು ತೆರೆದೆ. ನನ್ನದೇ ಸರಿ ಎಂದು ಖಾತ್ರಿ ಮಾಡಿಕೊಳ್ಳಲು. ಕೂದಲು ಸುಟ್ಟ ನಾತಕ್ಕೆ ಸಿದ್ಧಳಾಗಿ ಮುಖ ಬಗ್ಗಿಸಿದೆ.

ಇಲ್ಲ. ನಾತವಿಲ್ಲ. ಹಸಿ ಹಸಿ, ಸಪ್ಪೆ. ಮತ್ತೆ ಎಳೆದುಕೊಂಡೆ, ಒಳಗೆಲ್ಲೋ ಒಂದು ಎಳೆ ಜೀರಿಗೆ.

ಅರಬೈಲಿನ ಎಡಗಡೆಯ ರಾಶಿ ಇದ್ದದ್ದು ಹೀಗೆಯೇ.

ಅಲ್ಲೇ ನೆಲದ ಮೇಲೆ ಕೂತೆ. ಮೂಗು ಬದಲಾಗಿದೆ, ನನಗೆ ತಿಳಿಸದೆ. ಸಿದ್ದಾಪುರದಿಂದ ಬಂದ ಮೇಲೆ ಒಂದು ದಿನವೂ ಈ ಭರಣಿ ತೆರೆದು ನೋಡಲಿಲ್ಲ. ಬಾಟಲಿ ಮೂಸಿದ್ದರೂ ತಿಳಿಯುತ್ತಿತ್ತೇನೋ. ಒಮ್ಮೆ ಗೆದ್ದ ಗುರುತನ್ನು ಹಿಡಿದುಕೊಂಡೇ ಹೋದೆ. ಚೀಲದ ಮಿಡಿ ತೆಗೆದು ಈಗ ಮೂಸಿದರೆ ಸೀಮೆಎಣ್ಣೆ, ಸಂಪಿಗೆಯಲ್ಲ, ಬೇರೇನೂ ಅಲ್ಲ, ಸೀಮೆಎಣ್ಣೆ. ಮೂಗು ಸರಿಯಾಗುತ್ತಿದೆ ಎಂದು ಕುಣಿಯಬೇಕಾದ ಹೊತ್ತು. ಅಳು ಬಂತು.

ಏಪ್ರಿಲ್ 12

ಸಂಜೆ ನುಜ್ಹತಳ ಮನೆಗೆ ಹೋದೆ. ದಾರಿಯಲ್ಲಿ ಎರಡು ಸಲ ತಿರುಗಿ ಮನೆಗೇ ಹೋಗಿಬಿಡೋಣ ಎಂದುಕೊಂಡೆ. ಅವರ ಮನೆಯ ಗೇಟು ತೆರೆದರೆ ಜಗಲಿಯಲ್ಲಿ ಚಾಂದ್ ಪಾಷಾ. ಅವನ ಪಕ್ಕದ ಕುರ್ಚಿಯಲ್ಲಿ ಇವರು! ಕೈಯಲ್ಲಿ ಲೋಟ, ಲೋಟದಲ್ಲಿ ಕಾಫಿ.

"ನಿಂಗ ಇಲ್ಲಿ ಎಂತ ಮಾಡ್ತಾ ಇದ್ರಿ?" ಎಂದೆ.

ಇವರು ಲೋಟವನ್ನು ಕೆಳಗಿಡಲೂ ಇಲ್ಲ, ಕುಡಿಯಲೂ ಇಲ್ಲ. "ಪಾಷಾನ ಗಾಡಿಗೆ ಒಂದು ಕೇಬಲ್ ಬೇಕಾಗಿತ್ತು..."

ಚಾಂದ್ ಪಾಷಾ ನಕ್ಕುಬಿಟ್ಟ. "ದಿನಾ ಒಂದು ಕೇಬಲ್ ಹೋಗ್ತದ್ರಿ ಅಕ್ಕೋರೇ, ನಮ್ಮ ಗಾಡೀದು. ನಿಮ್ಮ ಮನೆಯೋರು ದಿನಾ ಬಂದು ಹಾಕ್ಕೊಡ್ತಾರೆ."

ನುಜ್ಹತ್ ಬಾಗಿಲಲ್ಲಿ ನಿಂತಿದ್ದಳು. "ಮೂರು ವಾರ ಆಯ್ತು ಅಕ್ಕಾ. ಇಲ್ಲಿ ಕುಡಿದು, ಬಾಯಿ ತೊಳೆದು, ಅಂಗಿ ಗಾಳಿಗೆ ಒಣಗಿಸಿಕೊಂಡು ಮನೆಗೆ ಬರ್ತಾರೆ. ನಿಮಗೆ ಹೇಳಬೇಡ ಅಂದಿದ್ರು."

ಇವರ ಒಣಗಿದ ತಲೆ ನೋಡಿದೆ. ಲಿಂಬೆಯ ಸೋಪು ನೆನಪಾಯಿತು. ಯಾವುದಕ್ಕೆ ನಾನು ಮುಖ ತಿರುಗಿಸುತ್ತೇನೆ, ಯಾವುದಕ್ಕೆ ತಿರುಗಿಸುವುದಿಲ್ಲ ಎಂದು ಈ ಮನುಷ್ಯ ಒಂದೊಂದೇ ಸೋಪು ತಂದು ನೋಡುತ್ತಿದ್ದರೆ ನಾನು ದುಂದು ಎಂದು ಗದರಿದ್ದೆ. ಆಮೇಲೆ ಬಾಗಿಲ ಕಡೆ ತಿರುಗಿದೆ.

"ಎಡಗಡೆಯದ್ದೇ ಸರಿ ಇತ್ತು ನುಜ್ಹತ್" ಎಂದೆ ಕೊನೆಗೆ.

"ಗೊತ್ತು."

"ಎಲ್ಲರೆದುರಿಗೆ ಹಂಗೆ ಹೇಳಬಾರದಿತ್ತು."

ಅವಳು ಸೆರಗಿನಿಂದ ಕೈ ಒರೆಸಿಕೊಂಡಳು. "ನಿಮ್ಮ ಮೂಗು ಕೆಟ್ಟದ್ದಕ್ಕೆ ನನಗೆ ಸಿಟ್ಟಿಲ್ಲ ಅಕ್ಕಾ. ಎಷ್ಟು ದಿನ ಲೋಟ ಹಿಡಿದು ನಿಮ್ಮೆದುರು ಕೂತಿದ್ದೆ? ನೀವು ಕಲಿತದ್ದು ನಿಮಗೆ ಗೊತ್ತಾಯ್ತು. ಎದುರಿಗೆ ಕೂತವಳೂ ಕಲಿತಳು ಅಂತ ಒಂದು ಸಲ ಅನ್ನಿಸಲಿಲ್ವಾ?"

ಅನ್ನಿಸಿರಲಿಲ್ಲ. ಹಾಗೆಯೇ ಹೇಳಿದೆ.

ಆಮೇಲೆ ಅವಳು, "ಮಮತಕ್ಕನ ಮನೇಲಿ ಎಡಗಡೆ ರಾಶಿ ಇನ್ನೂ ಇದೆಯಂತೆ, ಫೋನ್ ಮಾಡಿದ್ದೆ" ಎಂದಳು. ನನ್ನನ್ನು ಬಿಟ್ಟು ಮಾಡಿದ್ದಳು! ಒಂದು ಕ್ಷಣ ಚುರ್ ಎಂದಿತು. "ನೀನೇ ಹೋಗಿ ತಾ. ನಾನು ಬರುವುದಿಲ್ಲ" ಎಂದೆ. ಶೆಡ್ಡಿನ ಬೀಗದ ಕೈ ಕೊಟ್ಟೆ. ತೆಗೆದುಕೊಂಡಳು.

ಏಪ್ರಿಲ್ 13

ಬೆ‍ಳಿಗ್ಗೆ ನಾನೇ ಕಾಫಿ ಮಾಡಿದೆ, ಮೂಗಿಗೆ ಟವೆಲ್ ಕಟ್ಟಿಕೊಂಡು. ಟವೆಲ್ ತೆಗೆದು ನೋಡಿದರೆ ಟೈರಿನಷ್ಟಿಲ್ಲ. ಸೀದ ರೊಟ್ಟಿಯ ಹಾಗೆ. ಇವರು "ಬ್ಯಾಡ ಬ್ಯಾಡ" ಎನ್ನುತ್ತಲೇ ಕಿಟಕಿಯ ಬದಿ ನಿಂತು ಪೂರ್ತಿ ಕುಡಿದರು. ತಲೆಗೆ ಎಣ್ಣೆ ಹಚ್ಚಲೇ ಎಂದು ಕೇಳಿದರು. ಇನ್ನೊಂದು ವಾರ ತಡೆಯಿರಿ ಎಂದೆ.

ಏಪ್ರಿಲ್ 16

ಅವಳು ಬೆಳಿಗ್ಗೆಯೇ ಅರಬೈಲಿಗೆ ಹೋದಳು. ನಾನು ಶೆಡ್ಡು ಗುಡಿಸಿದೆ, ತೊಳೆದ ಡ್ರಮ್ಮನ್ನೇ ಮತ್ತೆ ತೊಳೆದೆ, ಗೇಟಿನವರೆಗೆ ಹೋಗಿ ಬಂದೆ. ಆ ಘಟ್ಟದ ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆ ಎಂದು ಒಂದು ಚಿಂತೆ; ಬೇರೆ ರಾಶಿ ಕಂಡು ಮನಸ್ಸು ಬದಲಿಸಿದರೆ ಎಂದು ಇನ್ನೊಂದು. ಫೋನ್ ಮಾಡಲು ಕೈಗೆತ್ತಿಕೊಂಡು ಮತ್ತೆ ಮೇಜಿನ ಮೇಲಿಟ್ಟೆ. ಹಾಗೆ ಎಷ್ಟು ಸಲವೋ.

ಮಧ್ಯಾಹ್ನ ಕಳೆದು ಬಂದಳು. ಎಡಗಡೆಯ ರಾಶಿಯಲ್ಲೂ ಅರ್ಧವನ್ನೇ ತಂದಿದ್ದಳು. ಉಳಿದರ್ಧ ಬೇರೆ ಮರದ್ದಂತೆ, ಕಲೆಸಿಬಿಟ್ಟಿದ್ದರಂತೆ. ಬಿಡಿಬಿಡಿಯಾಗಿ ಮೂಸಿ ಬೇರೆ ಮಾಡಿದಳಂತೆ. ನಾನಾಗಿದ್ದರೆ ಮೇಲಿನದನ್ನು ಮೂಸಿ ಇಡೀ ರಾಶಿ ತರುತ್ತಿದ್ದೆ ಎಂದು ಅವಳಿಗೆ ಹೇಳಲಿಲ್ಲ.

"ಹೆಂಗೆ ಗೊತ್ತಾಯ್ತು?" ಎಂದು ಕೇಳಿದೆ.

"ನನ್ನ ಅಜ್ಜಿ ಬಟ್ಟೆಪೆಟ್ಟಿಗೆ ತೆಗೆದರೆ ಒಂದು ಘಮ ಬರ್ತಿತ್ತು ಅಕ್ಕಾ. ಒಣಗಿದ ಮರುಗ, ಹಳೇ ರೇಷ್ಮೆ, ಎಲ್ಲ ಸೇರಿ. ಒಳ್ಳೆ ಮಿಡಿ ನನಗೆ ಹಂಗೆ."

ನಾನು ಯಾವಾಗಲೂ ಜೀರಿಗೆ ಎನ್ನುತ್ತಿದ್ದೆ. ಇಷ್ಟು ವರ್ಷ ಅವಳಿಗೆ ಅದು ಹೇಗೆ ಕಾಣುತ್ತದೆ ಎಂದು ಕೇಳಿಯೇ ಇರಲಿಲ್ಲ. ಒಂದು ಮಿಡಿ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು. ಅರ್ಧ ಜೀರಿಗೆ, ಅರ್ಧ ಸುಟ್ಟದ್ದು. ಹಾಗೆಯೇ ಹೇಳಿದೆ. ಇಬ್ಬರೂ ಕೂತು ಉಪ್ಪು ಹಾಕಿದೆವು. ಅವಳು ಎಷ್ಟು ಹಾಕುತ್ತಾಳೆ ಎಂದು ಈ ಸಲ ನೋಡಿದೆ: ಹಿಡಿ ತುಂಬಿ, ಸ್ವಲ್ಪ ಚೆಲ್ಲಿ, ಆಮೇಲೆ ಹಾಕುತ್ತಾಳೆ.

ಮೇ 2

ಗುಲಾಬಿ ಬಂತು, ಸ್ವಲ್ಪ. ಲವಂಗ ಇನ್ನೂ ತಿರುವುಮುರುವು. ದಿನಾ ಬಾಟಲಿ ಮೂಸುತ್ತಿದ್ದೇನೆ, ಬೆಳಿಗ್ಗೆ ನಾನು, ಆಮೇಲೆ ನುಜ್ಹತ್ ಕೂಡ. ಅವಳಿಗೇಕೆ ಎಂದು ಕೇಳಿದರೆ, "ಇರಲಿ, ನಾಳೆ ನನಗೇ ಜ್ವರ ಬಂದರೆ?" ಎನ್ನುತ್ತಾಳೆ.

ಜೂನ್ 7

ಈ ವರ್ಷದ ಮೊದಲ ಭರಣಿ ತೆರೆದೆವು. ನಿನ್ನೆಯಿಂದ ನನಗೆ ಊಟ ಸೇರಿರಲಿಲ್ಲ. ಸಿದ್ದಾಪುರದ ಮಾಸ್ತರರು ಪ್ರತಿ ವರ್ಷದಂತೆ ಮೊದಲು ಬಂದರು. ಮಗಳ ಮನೆಗೆ ಒಯ್ಯುವುದು ಅವರ ರೂಢಿ. ಒಂದು ಮಿಡಿಯನ್ನು ತುದಿಬೆರಳಲ್ಲಿ ಎತ್ತಿ ಕಚ್ಚಿದರು. ಕಣ್ಣು ಮುಚ್ಚಿ ಬಹಳ ಹೊತ್ತು ಜಗಿದರು. ನುಜ್ಹತ್ ಒಳಗೆ ಗ್ರೈಂಡರಿನಲ್ಲಿ ಸಾಸಿವೆ ಹಾಕಿದ್ದಳು, ಅದರ ಸದ್ದೊಂದೇ.

"ದೇವಕ್ಕಾ, ಹೋದ ವರ್ಷದ್ದಕ್ಕಿಂತ ಒಂದು ಕೈ ಮೇಲೇ ಆಜು" ಎಂದರು. "ಯಾವ ಮರದ್ದೇ ಇದು? ನಿನ್ನ ಮೂಗಿಗೆ ದೇವರು ಆಯುಷ್ಯ ಕೊಡ್ಲಿ."

"ಅರಬೈಲಿನದ್ದು. ಆರಿಸಿದ್ದು ಆನಲ್ಲ, ನುಜ್ಹತ್" ಎಂದೆ. "ಇನ್ನು ಮುಂದೆಯೂ ನುಜ್ಹತೇ ಆರಿಸ್ತು."

ಒಳಗೆ ಗ್ರೈಂಡರ್ ನಿಂತಿತು. ಮಾಸ್ತರರು ಒಳಬಾಗಿಲ ಕಡೆ ತಿರುಗಿ, "ಬಾಳ ಚೊಲೋ ಇದ್ದಮ್ಮಾ!" ಎಂದು ಕೂಗಿದರು. ನಾನು ಇಣುಕಿ ನೋಡಲು ಹೋಗಲಿಲ್ಲ. ಮಾಸ್ತರರ ಡಬ್ಬಿ ತುಂಬಿಸಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದೆ. ಗಂಟು ಹಾಕಿ ಮುಗಿಯುವ ಹೊತ್ತಿಗೆ ಗ್ರೈಂಡರ್ ಮತ್ತೆ ಶುರುವಾಯಿತು.